ಮೊದಲೇ ಇದ್ದ ಸಂಸಾರ

ನಮ್ಮ ಮಕ್ಕಳು ಮಿನೆಸೋಟಾದ ಮನೆಗೆ ಬಂದಾಗ ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಅದು 2017ರ ಜನವರಿ. ಇಬ್ಬರೂ ಕಲಬುರಗಿ ಸೀಮೆಯವರು, ಒಡಹುಟ್ಟಿದವರು. ಅವರ ಹೆಸರನ್ನಾಗಲೀ ಹುಟ್ಟಿದ ಊರನ್ನಾಗಲೀ ಇಲ್ಲಿ ಬರೆಯುವುದಿಲ್ಲ. ಹೆತ್ತ ತಾಯಿ ಹೇಗೆ ತೀರಿಕೊಂಡಳು, ತಂದೆ ಯಾಕೆ ಬಿಟ್ಟುಹೋದ ಎಂಬುದನ್ನೂ ಬರೆಯುವುದಿಲ್ಲ. ಅದು ಅವರ ಸ್ವತ್ತು. ಈಗ ಹತ್ತೊಂಬತ್ತು ವರ್ಷದವಳಾಗಿರುವ ಮಗಳು ಓದಿ, ಇರಲಿ ಎಂದದ್ದಷ್ಟೇ ಇಲ್ಲಿ ಉಳಿದಿದೆ.

ನಾನು ತುಮಕೂರಿನವಳು, ನನ್ನ ಯಜಮಾನರು ಬಾಗಲಕೋಟೆಯವರು. ಮಿನಿಯಾಪೊಲಿಸ್ ಪಕ್ಕದ ಊರಿನಲ್ಲಿ ನೆಲೆ ನಿಂತು ಬಹಳ ವರ್ಷಗಳಾಗಿದ್ದವು. ಹಸುಗೂಸನ್ನೇ ಬೇಕೆಂದು ಕಾಯುವವರ ಸಾಲು ಉದ್ದವಿದೆ. ಐದು ವರ್ಷ ದಾಟಿದ ಮಕ್ಕಳನ್ನು, ಅದರಲ್ಲೂ ಜೊತೆಯಾಗಿಯೇ ಹೋಗಬೇಕಾದ ಅಕ್ಕ ತಮ್ಮಂದಿರನ್ನು ಕೇಳಿಕೊಂಡು ಬರುವವರು ಕಡಿಮೆ. ನಮಗೂ ನಲವತ್ತು ದಾಟಿತ್ತು. ಮಾತಾಡುವ, ನಡೆದಾಡುವ ಮಕ್ಕಳೇ ಬರಲಿ, ಕನ್ನಡದ ಮಕ್ಕಳೇ ಬರಲಿ ಎಂದು ಇಬ್ಬರೂ ಕೂಡಿ ತೀರ್ಮಾನ ಮಾಡಿದೆವು.

ಹೊರದೇಶಕ್ಕೆ ಮಗುವನ್ನು ದತ್ತು ಕೊಡುವುದಕ್ಕೆ ಕಾಗದಪತ್ರ ಬಹಳ. ಅಷ್ಟು ಇರಲೇಬೇಕು ಎನ್ನುವವಳು ನಾನು. ಭಾರತದ ಮಕ್ಕಳನ್ನು ವಿದೇಶೀಯರಿಗೆ ಕೊಡುವುದರಲ್ಲಿ ಅಕ್ರಮ ನಡೆಯುತ್ತಿದೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡು 1984ರಲ್ಲಿ ತೀರ್ಪು ಕೊಟ್ಟಿತು. ಇವತ್ತಿನ ಕಟ್ಟುನಿಟ್ಟಿಗೆಲ್ಲ ಬುನಾದಿ ಅಲ್ಲಿದೆ. 2003ರಲ್ಲಿ ಭಾರತ ದೇಶದೇಶಗಳ ನಡುವಿನ ದತ್ತು ಕುರಿತ ಹೇಗ್ ಒಪ್ಪಂದಕ್ಕೂ ಸೇರಿಕೊಂಡಿತು. ಹಾಗಾಗಿ ನಮ್ಮ ಮನೆ, ಸಂಬಳ, ಆರೋಗ್ಯ, ಬಾಲ್ಯ, ದಾಂಪತ್ಯ ಎಲ್ಲವನ್ನೂ ಕೆದಕಿದ ಗೃಹ ಅಧ್ಯಯನ ವರದಿಯಾಯಿತು. ಕಡ್ಡಾಯವಾದ ಹತ್ತು ಗಂಟೆಗಳ ತರಬೇತಿಯಾಯಿತು. ದಿಲ್ಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಎಲ್ಲರೂ ಕಾರಾ ಎಂದು ಕರೆಯುವ ಸಂಸ್ಥೆಯ, ನಿರಾಕ್ಷೇಪಣಾ ಪತ್ರ ಬಂತು. ಜಿಲ್ಲಾ ನ್ಯಾಯಾಲಯದ ಆದೇಶ, ಪಾಸ್‌ಪೋರ್ಟು, ದಿಲ್ಲಿಯ ಅಮೆರಿಕ ರಾಯಭಾರ ಕಚೇರಿಯ ವೀಸಾ. ಆ ವೀಸಾದಲ್ಲಿ ಬಂದ ಮಕ್ಕಳು ಅಮೆರಿಕದ ನೆಲದಲ್ಲಿ ಇಳಿದು ಒಳಬಿಟ್ಟ ಕೂಡಲೇ ಇಲ್ಲಿನ ಪ್ರಜೆಗಳಾಗುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ನಾವು ನಾಲ್ವರೂ ಒಂದು ಸಂಸಾರ.

ಮಕ್ಕಳ ಬಗ್ಗೆ ನಮಗೆ ಕೊಟ್ಟಿದ್ದ ವರದಿ ಚಿಕ್ಕದು. ತೂಕ, ಎತ್ತರ, ಹಾಕಿಸಿದ ಲಸಿಕೆ, ಓದುತ್ತಿರುವ ತರಗತಿ. ಹುಡುಗಿಯ ವಿಚಾರದಲ್ಲಿ, ತಮ್ಮನನ್ನು ಬಹಳ ಹಚ್ಚಿಕೊಂಡಿದ್ದಾಳೆ ಎಂದು ಒಂದು ಸಾಲು ಇತ್ತು. ಅದನ್ನು ಓದಿ ನಾವಿಬ್ಬರೂ ಸಂತೋಷಪಟ್ಟಿದ್ದೆವು. ಆ ಸಾಲಿನ ಹಿಂದಿದ್ದದ್ದು ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ತಾಯಿ ಹೋದ ಮೇಲೆ ಆ ಹುಡುಗಿ ತಾನಿನ್ನೂ ಆರು ತುಂಬದವಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅಂಗನವಾಡಿಯಲ್ಲಿ ತನಗೆ ಹಾಕಿದ ಅನ್ನವನ್ನು ಲಂಗದಲ್ಲಿ ಮುಚ್ಚಿಟ್ಟು ತಂದು ಉಣಿಸಿದ್ದಳು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮೇಲೆ ಅವನನ್ನು ಶಿಶುಮಂದಿರಕ್ಕೆ, ಇವಳನ್ನು ಬಾಲಕಿಯರ ಬಾಲಮಂದಿರಕ್ಕೆ ಕಳಿಸಿದರು. ಆಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಯಾವಾಗಲೋ ಒಮ್ಮೆ. ದತ್ತಿನ ಮಾತು ಬಂದಾಗಲೇ ಅವಳಿಗೆ ತಮ್ಮ ಮರಳಿ ಸಿಕ್ಕಿದ್ದು.

ನಮ್ಮ ಮನೆಗೆ ಇಬ್ಬರು ಮಕ್ಕಳು ಬರುತ್ತಾರೆ ಎಂದು ನಾವು ಎರಡು ಕೋಣೆ ಸಜ್ಜು ಮಾಡಿದ್ದೆವು. ಬಂದದ್ದು ಆಗಲೇ ನಡೆಯುತ್ತಿದ್ದ ಒಂದು ಸಂಸಾರ. ಅದಕ್ಕೊಬ್ಬಳು ಯಜಮಾನತಿ ಇದ್ದಳು, ಅವಳಿಗೆ ಹತ್ತು ವರ್ಷ. ಹೊಸದಾಗಿ ಬಂದು ಸೇರಿಕೊಂಡವರು ನಾವು.

ಮೊದಲ ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದರು. ತಟ್ಟೆ ತೊಳೆದಿಡುತ್ತಿದ್ದರು, ಹಾಸಿಗೆ ಮಡಚುತ್ತಿದ್ದರು, ನಾವು ಕೋಣೆಯೊಳಗೆ ಕಾಲಿಟ್ಟರೆ ಎದ್ದು ನಿಲ್ಲುತ್ತಿದ್ದರು. ಹುಡುಗ ಬಂದ ದಿನದಿಂದಲೇ ನನ್ನನ್ನು ಅಮ್ಮ ಎಂದ. ಅಂಗಡಿಯಲ್ಲಿ ಬಿಸ್ಕತ್ತು ಕೊಟ್ಟ ಹೆಂಗಸನ್ನೂ ಅಮ್ಮ ಎಂದು ತಬ್ಬಿಕೊಂಡ; ಮೇಪಲ್ ಗ್ರೋವ್‌ನ ದೇವಸ್ಥಾನದಲ್ಲಿ ಯಾರ ಕೈ ಹಿಡಿದು ಬೇಕಾದರೂ ಹೊರಟುಬಿಡುತ್ತಿದ್ದ. ನೋಡಿದವರು ಎಷ್ಟು ಬೇಗ ಹೊಂದಿಕೊಂಡ ಎನ್ನುತ್ತಿದ್ದರು. ಹಲವರ ಕೈಯಲ್ಲಿ ಬೆಳೆದ ಮಗುವಿಗೆ ತನ್ನವರು ಯಾರು, ಪರರು ಯಾರು ಎಂಬ ಗೆರೆಯೇ ಮೂಡಿರುವುದಿಲ್ಲ ಎಂದು ವಿಶ್ವವಿದ್ಯಾಲಯದ ದತ್ತು ಚಿಕಿತ್ಸಾಲಯದಲ್ಲಿ ನಮಗೆ ವಿವರಿಸಿದರು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 1986ರಿಂದ ಇಂಥ ಮಕ್ಕಳಿಗೆಂದೇ ಒಂದು ಚಿಕಿತ್ಸಾಲಯವಿದೆ, ಡಾ. ಡಾನಾ ಜಾನ್ಸನ್ ಕಟ್ಟಿದ್ದು. ಅದು ನಮ್ಮ ಮನೆಗೆ ಹತ್ತಿರವಿದ್ದದ್ದು ನಮ್ಮ ಪುಣ್ಯ.

ಮಗಳು ನನ್ನನ್ನು ಕರೆಯುತ್ತಿದ್ದದ್ದು ಮೇಡಂ ಎಂದು. ಬಾಲಮಂದಿರದ ಅಧೀಕ್ಷಕಿಯನ್ನು ಹಾಗೆಯೇ ಕರೆದು ರೂಢಿ. ಅವಳು ತಮ್ಮ ಉಣ್ಣುವವರೆಗೆ ತುತ್ತು ಎತ್ತುತ್ತಿರಲಿಲ್ಲ. ನಾನು ಅವನ ತಟ್ಟೆಗೆ ಬಡಿಸಿದ್ದನ್ನು ಮೊದಲು ತಾನು ಚೂರು ಬಾಯಿಗೆ ಹಾಕಿ ನೋಡಿ, ಆಮೇಲೆ ಅವನತ್ತ ಸರಿಸುತ್ತಿದ್ದಳು. ಅವಳಿಗೆ ಬೇರೆ ಕೋಣೆ, ಮಂಚ ಎಲ್ಲ ಇತ್ತು. ಮಲಗುತ್ತಿದ್ದದ್ದು ತಮ್ಮನ ಕೋಣೆಯ ಬಾಗಿಲಿಗೆ ಅಡ್ಡಲಾಗಿ, ನೆಲದ ಮೇಲೆ. ರಾತ್ರಿ ಅವನು ಚೀರಿಕೊಂಡರೆ ಅವಳನ್ನು ದಾಟಿ ನಾನು ಒಳಗೆ ಹೋಗುವಂತಿರಲಿಲ್ಲ.

"ಅವ ನನ್ನ ತಮ್ಮ ಅದಾನ. ನೀವು ಮುಟ್ಟಬ್ಯಾಡ್ರಿ."

ದಿಂಬಿನ ಕೆಳಗೆ ಚಪಾತಿ, ಬೀರುವಿನ ಬಟ್ಟೆಯ ಮಡಿಕೆಗಳಲ್ಲಿ ಬಾಳೆಹಣ್ಣು, ಶಾಲೆಯ ಚೀಲದ ತಳದಲ್ಲಿ ಒಣಗಿದ ಅನ್ನ. ವಾಸನೆ ಬಂದು ತೆಗೆದರೆ ಅವಳು ನಡುಗುತ್ತಿದ್ದಳು, ಆಮೇಲೆ ಇಡೀ ದಿನ ಮಾತಿಲ್ಲ. ಚಿಕಿತ್ಸಾಲಯದವರ ಸಲಹೆಯ ಮೇಲೆ ಇಬ್ಬರ ಕೋಣೆಯಲ್ಲೂ ಒಂದೊಂದು ಮುಚ್ಚಳದ ಡಬ್ಬಿ ಇಟ್ಟೆ. ಕಡಲೆಬೀಜ, ಬಿಸ್ಕತ್ತು, ಖರ್ಜೂರ. ಯಾರನ್ನೂ ಕೇಳದೆ ತಿನ್ನಬಹುದು, ಅದು ಎಂದೂ ಖಾಲಿಯಾಗುವುದಿಲ್ಲ ಎಂಬುದಷ್ಟೇ ನಿಯಮ. ರಾತ್ರಿ ಎಷ್ಟು ಹೊತ್ತಾದರೂ ಆ ಡಬ್ಬಿ ತುಂಬಿಸಿಯೇ ನಾನು ಮಲಗಿದೆ. ಊಟದ ಹೊತ್ತಿಗೆ ಹಸಿವೇ ಇಲ್ಲದಂತೆ ಡಬ್ಬಿಯಿಂದಲೇ ತಿಂದು ಮುಗಿಸಿದ ದಿನಗಳೂ ಇದ್ದವು. ಬಟ್ಟೆಯೊಳಗೆ ಅನ್ನ ಸಿಗುವುದು ನಿಲ್ಲಲು ಒಂದೂವರೆ ವರ್ಷವಾಯಿತು.

ಹುಡುಗನ ರಕ್ತಪರೀಕ್ಷೆಯಲ್ಲಿ ಕ್ಷಯದ ಸೋಂಕು ಸುಪ್ತವಾಗಿರುವುದು ಗೊತ್ತಾಯಿತು. ರೋಗವೇನಿಲ್ಲ, ಮುಂದೆ ಬಾರದಿರಲಿ ಎಂದು ರಿಫಾಂಪಿಸಿನ್ ಕೊಟ್ಟರು. ಆ ಔಷಧಿಗೆ ಮೂತ್ರ ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮೊದಲೇ ತಿಳಿಸಿ ಹೇಳಿದ್ದರೂ ಕಣ್ಣಾರೆ ಕಂಡಾಗ ಅಕ್ಕನ ಎದೆ ಒಡೆಯಿತು. ತಮ್ಮನಿಗೆ ವಿಷ ಹಾಕುತ್ತಿದ್ದಾರೆ ಎಂದೇ ಅವಳು ತಿಳಿದಳು. ಗುಳಿಗೆಗಳನ್ನು ಹಿಮದಲ್ಲಿ ಹೂತಳು. ಅವನ ಬಾಯಿಗೆ ಬೆರಳು ಹಾಕಿ ಕಕ್ಕಿಸಿದಳು. ತಡೆಯಲು ಹೋದ ನನ್ನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಗಾಯಕ್ಕಿಂತ ನನ್ನನ್ನು ಹೆದರಿಸಿದ್ದು ಅವಳ ಕಣ್ಣು. ಅದರಲ್ಲಿ ಸಿಟ್ಟಿರಲಿಲ್ಲ. ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಎಳೆದು ತರುವವಳ ಅವಸರವಿತ್ತು.

ಆ ವರ್ಷವೇ ಅವಳು ಮೈನೆರೆದಳು. ಇದನ್ನು ನಾನಾಗಿ ಬರೆಯುತ್ತಿರಲಿಲ್ಲ. ಬರೆಯಮ್ಮ, ಇನ್ನೊಬ್ಬರ ಮನೆಗೆ ಉಪಯೋಗವಾಗುತ್ತದೆ ಎಂದವಳು ಅವಳೇ. ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ ಹೆಣ್ಣುಮಕ್ಕಳು ಸಾಮಾನ್ಯಕ್ಕಿಂತ ಬೇಗ ಋತುಮತಿಯರಾಗುತ್ತಾರೆ ಎಂದು ಅಲ್ಲಿನ ವೈದ್ಯರು 1991ರಲ್ಲೇ ದಾಖಲಿಸಿದ್ದಾರೆ. ಹಸಿದಿದ್ದ ಮೈಗೆ ಒಮ್ಮೆಲೇ ಹೊಟ್ಟೆ ತುಂಬ ಸಿಕ್ಕಾಗ ಬೆಳವಣಿಗೆ ದಾಪುಗಾಲು ಹಾಕುವುದು ಅದಕ್ಕೆ ಒಂದು ಕಾರಣವಿರಬಹುದು ಎನ್ನುತ್ತಾರೆ. ಅವಳು ವಿಷಯ ಮುಚ್ಚಿಟ್ಟು, ತನ್ನ ಬಟ್ಟೆಯನ್ನು ರಾತ್ರಿ ತಣ್ಣೀರಿನಲ್ಲಿ ಒಗೆದು ಮಂಚದ ಕೆಳಗೆ ಒಣಹಾಕುತ್ತಿದ್ದಳು. ಬೇನೆ ಬಂದವರನ್ನು ಇಲ್ಲಿಂದ ವಾಪಸ್ ಕಳಿಸಿಬಿಡುತ್ತಾರೆ ಎಂದು ಅವಳ ಎಣಿಕೆ.

ವಾಪಸ್ ಕಳಿಸುವುದು ಅವಳ ಪಾಲಿಗೆ ಬರೀ ಭಯವಾಗಿರಲಿಲ್ಲ. ಬಾಲಮಂದಿರದಲ್ಲಿ ಅವಳ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಯನ್ನು ಒಬ್ಬರು ದತ್ತು ತೆಗೆದುಕೊಂಡು ಹೋಗಿ, ಹೇಳಿದ ಮಾತು ಕೇಳುವುದಿಲ್ಲವೆಂದು ಮರಳಿ ತಂದುಬಿಟ್ಟಿದ್ದರಂತೆ. ಅಮೆರಿಕದಲ್ಲೂ ಅಂಥ ಕಥೆಗಳಿವೆ. 2010ರಲ್ಲಿ ಟೆನೆಸ್ಸೀಯ ಒಬ್ಬ ತಾಯಿ ರಷ್ಯಾದಿಂದ ತಂದಿದ್ದ ಏಳು ವರ್ಷದ ಹುಡುಗನನ್ನು ಕೈಗೆ ಒಂದು ಚೀಟಿ ಕೊಟ್ಟು ಒಂಟಿಯಾಗಿ ವಿಮಾನ ಹತ್ತಿಸಿ ಮಾಸ್ಕೋಗೆ ಕಳಿಸಿದ್ದಳು. ಹೊರದೇಶಗಳಿಂದ ತಂದ ಮಕ್ಕಳನ್ನು ಸಾಕಲಾಗದೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಅಪರಿಚಿತರ ಕೈಗೆ ದಾಟಿಸುತ್ತಿದ್ದ ಪೋಷಕರ ಬಗ್ಗೆ 2013ರಲ್ಲಿ ರಾಯಿಟರ್ಸ್ ದೊಡ್ಡ ತನಿಖೆಯನ್ನೇ ಪ್ರಕಟಿಸಿತು. ತರಬೇತಿಯಲ್ಲಿ ಅದನ್ನೆಲ್ಲ ಓದಿಸಿದ್ದರು. ಓದುವಾಗ ಇಂಥವರೂ ಇರುತ್ತಾರೆಯೇ ಎನಿಸಿತ್ತು. ಆ ಮೊದಲ ವರ್ಷದ ಕೊನೆಗೆ ಅವರು ಆ ಹಂತಕ್ಕೆ ಬಂದ ದಾರಿ ನನಗೆ ಕಾಣುತ್ತಿತ್ತು. ಅವರು ಮಾಡಿದ್ದನ್ನು ಇವತ್ತಿಗೂ ಒಪ್ಪುವುದಿಲ್ಲ.

ನನಗೆ ನಿದ್ದೆ ಹೋಯಿತು. ಕಾರಿನಲ್ಲಿ ಕೂತು ಅಳುತ್ತಿದ್ದೆ. ಮಗನ ಮೇಲೆ ಅಕ್ಕರೆ ಬರುತ್ತಿತ್ತು, ಮಗಳ ಹೆಜ್ಜೆಯ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಕಲ್ಲು ಕೂತಂತಾಗುತ್ತಿತ್ತು. ಹೆತ್ತವರಿಗೆ ಬರುವ ಖಿನ್ನತೆ ದತ್ತು ತಾಯಂದಿರಿಗೂ ಬರುತ್ತದೆ ಎಂದು ವೈದ್ಯರು ಔಷಧಿ ಬರೆದುಕೊಟ್ಟರು, ತೆಗೆದುಕೊಂಡೆ. ಯಜಮಾನರು ಆಫೀಸಿನ ಕೆಲಸ ಕಡಿಮೆ ಮಾಡಿಸಿಕೊಂಡರು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದರೆ, ದೊಡ್ಡ ಪುಣ್ಯದ ಕೆಲಸ ಮಾಡಿದಿರಿ, ಈ ಮಕ್ಕಳ ಅದೃಷ್ಟ ಎನ್ನುವವರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಆ ಮಾತು ಬಿದ್ದಾಗಲೆಲ್ಲ ಮಗಳು ತಮ್ಮನ ಕೈ ಬಿಗಿ ಹಿಡಿದು ತಲೆ ತಗ್ಗಿಸುತ್ತಿದ್ದಳು. ತಾಯಿಯನ್ನು, ನೆಲವನ್ನು, ಗೆಳತಿಯರನ್ನು ಕಳೆದುಕೊಂಡು ಬಂದ ಮಗುವಿಗೆ ಅದೃಷ್ಟವಂತೆ ಎಂದರೆ ಅದು ಅಳುವ ಹಕ್ಕನ್ನೂ ಕಳೆದುಕೊಳ್ಳುತ್ತದೆ. ನಮ್ಮ ಬೀದಿಯಲ್ಲೇ ಮಗುವಾಗಿದ್ದಾಗ ಕೊರಿಯಾದಿಂದ ದತ್ತು ಬಂದ ಹಿರಿಯ ಹೆಂಗಸೊಬ್ಬರಿದ್ದಾರೆ. ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ಮಿನೆಸೋಟಾಕ್ಕೆ ಹಾಗೆ ಬಂದ ಮಕ್ಕಳು ಸಾವಿರಾರು. ಅವರು ನನ್ನ ಮಗಳಿಗೆ ಒಂದು ದಿನವೂ ಆ ಮಾತು ಹೇಳಲಿಲ್ಲ. ಸುಮ್ಮನೆ ತಮ್ಮ ಹಿತ್ತಲಿನ ತೋಟದ ಕೆಲಸಕ್ಕೆ ಕರೆದುಕೊಳ್ಳುತ್ತಿದ್ದರು.

2017ರ ಅಕ್ಟೋಬರಿನಲ್ಲಿ ಟೆಕ್ಸಾಸಿನಲ್ಲಿ, ಬಿಹಾರದಿಂದ ದತ್ತು ಬಂದಿದ್ದ ಮೂರು ವರ್ಷದ ಹೆಣ್ಣುಮಗು ಸತ್ತ ಸುದ್ದಿ ಬಂತು. ಪೋಷಕರು ಭಾರತೀಯ ಮೂಲದವರೇ. ಆ ಮಗುವಿನ ಚಿತ್ರ ಟೀವಿಯಲ್ಲಿ ಬಂದ ದಿನಗಳಲ್ಲಿ ನಾನು ಅನ್ನ ಬಿಟ್ಟೆ. ನಮ್ಮಂಥ ಕುಟುಂಬಗಳ ಮೇಲೆ ಎಲ್ಲರ ಕಣ್ಣು ಬಿತ್ತು; ಬೀಳಬೇಕಾದ್ದೇ. ಅದೇ ಹೊತ್ತಿನಲ್ಲಿ ಮಗನ ಶಾಲೆಯಲ್ಲಿ ಅವನ ಬೆನ್ನ ಮೇಲೆ ಬಾಸುಂಡೆ ಕಂಡರು. ಇಲ್ಲಿ ಅಂಥದ್ದು ಕಂಡರೆ ಶಿಕ್ಷಕರು ವರದಿ ಮಾಡಲೇಬೇಕೆಂದು ಕಾನೂನಿದೆ. ಸಂಜೆ ಮಕ್ಕಳ ರಕ್ಷಣೆಯವರು ಇಬ್ಬರು ಬಾಗಿಲಿಗೆ ಬಂದರು. ನಮ್ಮನ್ನು, ಮಕ್ಕಳನ್ನು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿದರು. ಮಗಳು ತನಗೆ ಆಗಷ್ಟೇ ಬಂದಿದ್ದ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು: ಹೊಡೆದದ್ದು ನಾನು, ಸ್ಕೇಲಿನಲ್ಲಿ. ಹೋಮ್‌ವರ್ಕ್ ಮಾಡಲಿಲ್ಲ ಅದಕ್ಕೆ. ನಾನು ಅವನ ಅಕ್ಕ.

ಬಾಲಮಂದಿರದಲ್ಲಿ ಸಣ್ಣವರನ್ನು ದೊಡ್ಡವರು ಹಾಗೆಯೇ ತಿದ್ದುತ್ತಿದ್ದರಂತೆ. ತನ್ನ ಕರ್ತವ್ಯ ಮಾಡಿದ್ದೇನೆ ಎಂಬ ಧೈರ್ಯ ಅವಳ ಮುಖದಲ್ಲಿತ್ತು. ಬಂದವರು ಒಳ್ಳೆಯವರು, ಕೇಳಿಸಿಕೊಂಡರು. ಕೆಲವು ವಾರಗಳ ಮೇಲೆ ಪ್ರಕರಣ ಮುಚ್ಚಿದರು. ಆದರೆ ಅವತ್ತು ಅವರು ಹೋದ ಮೇಲೆ ಮಗಳು ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ತಂದಳು. ಅದರಲ್ಲಿ ಇಬ್ಬರ ಎರಡೆರಡು ಜೊತೆ ಬಟ್ಟೆ, ಖರ್ಜೂರ, ಇಬ್ಬರ ಪಾಸ್‌ಪೋರ್ಟಿನ ನಕಲು ಇದ್ದವು. ಬಂದ ವಾರದಲ್ಲೇ ಕಟ್ಟಿಟ್ಟುಕೊಂಡಿದ್ದಳು.

"ಇಬ್ರನೂ ಕೂಡೇ ಕಳಸ್ರಿ. ಅವನ್ನ ಒಬ್ಬನ್ನ ಇಟ್ಕೋಬ್ಯಾಡ್ರಿ."

ಯಜಮಾನರು ಅವಳ ಎದುರು ನೆಲದ ಮೇಲೆ ಕೂತರು. "ಯಾರೂ ಎಲ್ಲೂ ಹೋಗಂಗಿಲ್ಲವಾ. ನೀ ಹೊಡದ್ರೂ ಹೋಗಂಗಿಲ್ಲ, ಕಡದ್ರೂ ಹೋಗಂಗಿಲ್ಲ" ಎಂದರು. ಅವಳು ನಂಬಲಿಲ್ಲ. ಚೀಲವನ್ನು ಮತ್ತೆ ಮಂಚದ ಕೆಳಗೇ ಇಟ್ಟಳು.

ಆಮೇಲೆ ಸಿಕ್ಕ ಥೆರಪಿಸ್ಟ್ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕ್ಯಾರಿನ್ ಪರ್ವಿಸ್ ಮತ್ತು ಡೇವಿಡ್ ಕ್ರಾಸ್ ರೂಪಿಸಿದ ಪದ್ಧತಿಯಲ್ಲಿ ಪಳಗಿದವರು. ಮಗು ಕ್ಷೇಮವಾಗಿರುವುದು ಬೇರೆ, ತಾನು ಕ್ಷೇಮ ಎಂದು ಅದರ ಮೈಗೆ ಅನಿಸುವುದು ಬೇರೆ ಎಂಬುದರಿಂದ ಅವರ ಕೆಲಸ ಶುರುವಾಗುತ್ತಿತ್ತು. ತಪ್ಪು ಮಾಡಿದಾಗ ದಂಡನೆ ಇಲ್ಲ. ಅದೇ ಕೆಲಸವನ್ನು ಸರಿಯಾಗಿ ಇನ್ನೊಮ್ಮೆ ಮಾಡಿಸುವುದು. ಹುಡುಗ ತಟ್ಟೆ ಎಸೆದರೆ ಅವನನ್ನು ಕೋಣೆಗೆ ಅಟ್ಟುವಂತಿಲ್ಲ, ಪಕ್ಕದಲ್ಲಿ ಕೂತು, ಬೇಡ ಎನ್ನುವುದನ್ನು ಬಾಯಲ್ಲಿ ಹೇಳಿಸಬೇಕು. ನೂರು ಸಲ ಹೇಳಿಸಿದರೆ ಒಂದು ಸಲ ತಾನಾಗಿ ಹೇಳುತ್ತಿದ್ದ. ಅಕ್ಕನ ಬಗ್ಗೆ ಅವರು ಹೇಳಿದ್ದು ನಮ್ಮ ಮನೆಯನ್ನು ಬದಲಾಯಿಸಿತು. ಅವಳ ಜೀವ ಉಳಿಸಿದ ಕೆಲಸ ಅದು, ಒಮ್ಮೆಲೇ ಕಿತ್ತುಕೊಳ್ಳಬೇಡಿ, ಒಂದೊಂದನ್ನೇ ಕೇಳಿ ಪಡೆದುಕೊಳ್ಳಿ ಎಂದರು.

ಅದನ್ನು ನಡೆಸಿ ತೋರಿಸಿದವರು ಮಾತ್ರ ನಮ್ಮ ಅತ್ತೆ. 2018ರ ಬೇಸಿಗೆಯಲ್ಲಿ ಬಾಗಲಕೋಟೆಯಿಂದ ಬಂದರು. ಅವರೂ ತಾಯಿಯಿಲ್ಲದ ಮನೆಯ ಹಿರಿಮಗಳು. ಚಿಕ್ಕಂದಿನಿಂದಲೇ ತಮ್ಮ ತಂಗಿಯರನ್ನು ಸಾಕಿದವರು. ಜೋಳದ ಹಿಟ್ಟನ್ನು ಊರಿಂದಲೇ ತಂದಿದ್ದರು. ನನ್ನ ಕೈಯಲ್ಲಿ ರೊಟ್ಟಿ ಬಡಿಯುವುದು ಬರುತ್ತಿರಲಿಲ್ಲ. ಮುದ್ದೆಯ ಸೀಮೆಯವಳು ನಾನು. ರೊಟ್ಟಿಯ ಸದ್ದಿಗೆ ಮಗಳು ಅಡಿಗೆಮನೆಗೆ ಬಂದು ನಿಂತಳು. ಎಂದಿನಂತೆ ಮೊದಲ ರೊಟ್ಟಿಯನ್ನು ತಮ್ಮನಿಗೆಂದು ಎತ್ತಿಕೊಂಡಾಗ ಅತ್ತೆ ಬೇಡ ಎನ್ನಲಿಲ್ಲ.

"ಕೊಡವಾ, ಅವಂಗ ಕೊಟ್ಟು ಬಾ. ಆಮ್ಯಾಲ ನೀ ಕುಂಡ್ರು, ನಿನಗ ನಾ ಹಚ್ಚಿ ಕೊಡ್ತೀನಿ. ನಿನಗೂ ಯಾರರೆ ಉಣಸ್ಬೇಕಲ್ಲ."

ಶೇಂಗಾ ಹಿಂಡಿ, ಮೊಸರು ಹಚ್ಚಿ ತುತ್ತು ಮಾಡಿ ಬಾಯಿಗಿಟ್ಟರು. ಹನ್ನೆರಡು ತುಂಬುತ್ತಿದ್ದ ಹುಡುಗಿ ಬಾಯಿ ತೆರೆದಳು. ಅಷ್ಟು ದಿನ ನಾವೆಲ್ಲ ಅವಳ ಕೈಯಿಂದ ತಮ್ಮನನ್ನು ಬಿಡಿಸಲು ನೋಡುತ್ತಿದ್ದೆವು. ಅತ್ತೆ ತಮ್ಮನ ಗೊಡವೆಗೆ ಹೋಗಲೇ ಇಲ್ಲ, ಅವಳನ್ನೇ ಹಿಡಿದರು. ತಲೆಗೆ ಎಣ್ಣೆ ಹಚ್ಚಿದರು, ಎರಡು ಜಡೆ ಹಾಕಿದರು, ಪಕ್ಕದಲ್ಲಿ ಮಲಗಿಸಿಕೊಂಡರು. ಅವಳು ನಡುರಾತ್ರಿ ಎದ್ದು ತಮ್ಮನ ಬಾಗಿಲಿಗೆ ಹೋದರೆ ಇವರೂ ಎದ್ದು ಹಿಂದೆ ಹೋಗಿ, ಮಲಗಿದ್ದಾನೆ ಬಾ ಎಂದು ಕರೆತರುತ್ತಿದ್ದರು. ವೀಸಾ ಮುಗಿದು ಅವರು ಹೊರಟಾಗ ಮಗಳು ಮತ್ತೆ ಹಿಂದಿನಂತಾದಳು. ನೆಲದ ಮೇಲೆ ಮಲಗಿದಳು, ಶಾಲೆಗೆ ಹೋಗಲು ಒಪ್ಪಲಿಲ್ಲ, ನನ್ನ ಕೈಯಲ್ಲಿ ತುತ್ತು ತಿನ್ನಲಿಲ್ಲ. ಆದರೆ ತಾನು ಹೋಗಿ ನೋಡುವ ಮೊದಲು, ಅವ ಮಲಗ್ಯಾನೇನ್ರಿ ಎಂದು ನನ್ನನ್ನು ಕೇಳುವುದು ಶುರುವಾಗಿತ್ತು.

ಹೀಗೆ ಒಂದೊಂದಾಗಿ ಕೇಳಿ ಪಡೆದೆವು. ಅವನನ್ನು ಬೆಳಿಗ್ಗೆ ಎಬ್ಬಿಸುವುದು ಇನ್ನು ಮೇಲೆ ಅಪ್ಪನ ಕೆಲಸ. ಶಾಲೆಯ ಸಹಿ ನನ್ನದು. ಅವನ ಬೂಟಿನ ಲೇಸು ಮಾತ್ರ ಬಹಳ ಕಾಲ ಅವಳದೇ ಆಗಿತ್ತು.

ಹೊಸ ಪೆಟ್ಟು ಬಂದದ್ದು ಶಾಲೆಯ ಕಡೆಯಿಂದ. ಆಟದ ಮೈದಾನದ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬರುತ್ತದೆ, ಪಾಠ ಓದಿ ಅರ್ಥಮಾಡಿಕೊಳ್ಳುವ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು ಎಂದು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ತೋರಿಸಿಕೊಟ್ಟು ದಶಕಗಳಾಗಿವೆ. ಮಗಳ ಮಾತು ಸಲೀಸಾದ ಕೂಡಲೇ ಅವಳಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂಬ ಷರಾ ಬರತೊಡಗಿತು. ವಿಶೇಷ ನೆರವಿಗಾಗಿ ಶಾಲೆಯೊಂದಿಗೆ ವರ್ಷಗಟ್ಟಲೆ ಹೆಣಗಿದೆವು. ಅತ್ತ ತಮ್ಮ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವನಾದ. ಶಿಶುಮಂದಿರದ ನೆನಪು, ಅದಕ್ಕೂ ಹಿಂದಿನ ಮನೆಯ ನೆನಪು ಅವನಿಂದ ಜಾರಿಹೋಗುತ್ತಿದ್ದವು. ಅವನ ಜೊತೆ ಹಂಚಿಕೊಂಡ ತಾಯಿಯನ್ನು ಈಗ ತಾನೊಬ್ಬಳೇ ನೆನಪಿಟ್ಟುಕೊಳ್ಳಬೇಕಾಯಿತೆಂದು ಅವಳು ಅತ್ತಳು. ಅವಳು ನನ್ನ ಎದುರು ಅತ್ತದ್ದು ಅದೇ ಮೊದಲು. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದೂ ಇರಲಿಲ್ಲ. ಹತ್ತಿರ ಕೂತೆ, ಅವಳು ಎದ್ದು ಹೋಗೆನ್ನಲಿಲ್ಲ. ಅಮ್ಮ ಎಂದು ಕರೆದದ್ದು ಅದಾದ ಮೇಲೆ, ಒಂದು ದಿನ ಜ್ವರದಲ್ಲಿ ನೀರು ಕೇಳುವಾಗ. ಕರೆದದ್ದು ನನ್ನನ್ನೋ ಹೆತ್ತವಳನ್ನೋ ಎಂದು ನಾನು ಕೇಳಲಿಲ್ಲ. ನೀರು ಕೊಟ್ಟೆ.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಭಾರತಕ್ಕೆ ವರದಿ ಹೋಗುತ್ತಿತ್ತು. ತೂಕ, ಎತ್ತರ, ಶಾಲೆ, ನಾಲ್ವರ ಒಂದು ಫೋಟೊ. ಎರಡು ವರ್ಷಕ್ಕೆ ಅದು ಮುಗಿಯಿತು. ನಮ್ಮ ಮನೆಯಲ್ಲಿ ನಿಜವಾಗಿ ಉಸಿರು ಬಿಡುವಂತಾದದ್ದು ಐದನೇ ವರ್ಷ. ದೊಡ್ಡ ಮಕ್ಕಳನ್ನು ತರುವವರಿಗೆ ನೆರವು ಬೇಕಾಗುವುದು ವರದಿ ನಿಂತ ಮೇಲೆ. ಚಿಕಿತ್ಸಾಲಯ, ವಿಮೆ, ರಜೆ ಕೊಡುವ ಕೆಲಸ, ಸಮುದ್ರ ದಾಟಿ ಬರಬಲ್ಲ ಅತ್ತೆ, ಎಲ್ಲ ನಮಗಿತ್ತು. ಇದ್ದೂ ಇಷ್ಟಾಯಿತು. ಇಲ್ಲದವರ ಕೈಗೆ ಇಬ್ಬರು ಮಕ್ಕಳನ್ನು ಒಪ್ಪಿಸಿ ಕಡತ ಮುಚ್ಚುವುದು ನ್ಯಾಯವಲ್ಲ.

ಮಗಳು ಹೋದ ವರ್ಷ ಹೈಸ್ಕೂಲು ಮುಗಿಸಿ ಈಗ ಸಮುದಾಯ ಕಾಲೇಜಿನಲ್ಲಿ ನರ್ಸಿಂಗ್‌ಗೆ ಬೇಕಾದ ವಿಷಯಗಳನ್ನು ಓದುತ್ತಿದ್ದಾಳೆ. ದತ್ತು ಹೋದವರು ತಮ್ಮ ಮೂಲವನ್ನು ಹುಡುಕಿಕೊಳ್ಳಲು ಭಾರತದ ನಿಯಮಗಳಲ್ಲಿ ಅವಕಾಶವಿದೆ. ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು. ಹೆತ್ತವರ ಕಡೆಯವರ ಖಾಸಗಿತನಕ್ಕೆ ಧಕ್ಕೆಯಾಗಬಾರದು ಎಂಬ ಕಟ್ಟಳೆಯೂ ಇದೆ. ಅವಳು ಅರ್ಜಿ ಹಾಕಿದ್ದಾಳೆ. ಡಿಸೆಂಬರಿನಲ್ಲಿ ಹೋಗುತ್ತೇವೆ, ಅವಳು ಮತ್ತು ನಾನು. ತಮ್ಮ ಬರುವುದಿಲ್ಲ ಎಂದಿದ್ದಾನೆ. ಅವನಿಗೆ ಹಾಕಿ ಆಟವಿದೆ, 2017ರ ಹಿಂದಿನದೇನೂ ಬೇಕಿಲ್ಲ ಎನ್ನುತ್ತಾನೆ. ಎರಡು ದಿನ ಅವಳು ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಅವನ ಕೋಣೆಯ ಬಾಗಿಲು ತಟ್ಟಿ, ಅಲ್ಲಿ ಏನಾದರೂ ಗೊತ್ತಾದರೆ ನಿನಗೆ ಹೇಳಲೋ ಬೇಡವೋ ಎಂದು ಮಾತ್ರ ಕೇಳಿದಳು.

ಅವನು ಯೋಚಿಸಿ, ಬಂದ ಮೇಲೆ ಹೇಳು, ಫೋನಿನಲ್ಲಿ ಬೇಡ ಎಂದ. ಅವಳು ಒಪ್ಪಿದ್ದಾಳೆ.